ಮೂರನೇ ಸೆನ್ಸರ್ ಮತ್ತು ಮುದಿ ವೈರು

ನಾನು ಬಾನೆಟ್ ಎತ್ತಿದರೆ ಸಾಕು, ಎಂಜಿನ್‌ಗಳು ಎದ್ದು ನಿಂತು ನಮಸ್ಕಾರ ಹೇಳುತ್ತವೆ. ಹಾಗಾಗಿ ಇದು ನಾನೇ ಕಿವಿಯಾರೆ ಕೇಳಿದ ಮಾತು.

ನನ್ನ ಕಾರಿನಲ್ಲಿ ಆಯಿಲ್ ತುಂಬಿತ್ತು, ಗೇಜ್ ಹಾಕಿ ನೋಡಿದರೆ ಒತ್ತಡವೂ ಸರಿಯಿತ್ತು. ಆದರೂ ಆಯಿಲ್‌ನ ಕೆಂಪು ದೀಪ ಆರುತ್ತಿರಲಿಲ್ಲ. ಒತ್ತಡ ಅಳೆಯುವ ಸೆನ್ಸರೇ ಸುಳ್ಳುಗಾರನೆಂದು ಒಂದಾದ ಮೇಲೊಂದು ಎರಡನ್ನು ಕಿತ್ತೆಸೆದು, ಹೊಸದಾಗಿ ಕೂರಿಸಿದ ಮೂರನೆಯದಕ್ಕೂ ಸ್ಪ್ಯಾನರ್ ಹಾಕಿದೆ.

"ಸ್ವಾಮಿ, ಮೊದಲು ನನ್ನ ವೈರು ಬಿಚ್ಚಿ ನೋಡಿ," ಎಂದಿತು ಸೆನ್ಸರ್. "ನನ್ನ ಬಾಯಿ ಕಟ್ಟಿದ ಮೇಲೂ ದೀಪ ಉರಿದರೆ, ಸುಳ್ಳು ಹೇಳಿದವರು ಬೇರೆ."

ಬಿಚ್ಚಿದೆ. ದೀಪ ಉರಿಯುತ್ತಲೇ ಇತ್ತು!

ಮುದಿ ವೈರು ತಲೆ ತಗ್ಗಿಸಿತು. "ತಪ್ಪಾಯಿತಪ್ಪ. ಎಂಜಿನ್ನಿನ ಮೈಗೆ ಉಜ್ಜಿ ಉಜ್ಜಿ ನನ್ನ ಸಿಪ್ಪೆ ಹರಿದು, ಒಳಗಿನ ತಾಮ್ರ ಅದಕ್ಕೆ ತಾಗಿ ದೀಪ ಉರಿಯುತ್ತಿದೆ. ಹೇಳಿದರೆ ಕತ್ತರಿಸುತ್ತಾರೆಂದು ಹೆದರಿದೆ."

ನಾನು ಕಟಿಂಗ್ ಪ್ಲೇಯರ್ ಎತ್ತಿದೆ.

"ಅಜ್ಜನನ್ನು ಮುಟ್ಟಬೇಡಿ!" ಎಂದು ಸೆನ್ಸರ್ ಕೂಗಿತು. "ಪಂಚೆ ಹರಿದರೆ ಕಾಲು ಕತ್ತರಿಸುತ್ತೀರಾ? ಟೇಪು ಸುತ್ತಿ, ಸ್ವಾಮಿ."

ನನ್ನಂಥ ಮೇಧಾವಿಗೆ ಅದು ಮೊದಲೇ ಹೊಳೆದಿತ್ತು, ಬಿಡಿ. ಟೇಪು ಸುತ್ತಿ, ವೈರನ್ನು ದೂರ ಸರಿಸಿ ಕಟ್ಟಿ, ಕಾರು ಸ್ಟಾರ್ಟ್ ಮಾಡಿದೆ. ದೀಪ ಆರಿತು.

"ಅಜ್ಜ, ಇನ್ನೆಲ್ಲಾದರೂ ಸವೆದರೆ ನನಗೆ ಹೇಳು," ಎಂದಿತು ಸೆನ್ಸರ್.

"ಹೇಳ್ತೀನಪ್ಪ. ನಿನ್ನ ತಲೆಮೇಲೆ ಗೂಬೆ ಕೂರಿಸಿ ನನಗೇ ನಿದ್ದೆ ಬರುತ್ತಿರಲಿಲ್ಲ."