ಗುಡ್ಡ ಹತ್ತಿದ ತಿಪ್ಪೇಶನನ್ನು ಮರುಳಜ್ಜನವರು ಇಳಿಸಿದ್ದು

ಹುಲಿಗುಡ್ಡದ ನೆತ್ತಿಯಲ್ಲಿ, ಕರಡಿಯೂ ಬೇಡವೆಂದು ಬಿಟ್ಟುಹೋದಂಥ ಗವಿಯೊಂದರಲ್ಲಿ ಪೂಜ್ಯ ಮರುಳಜ್ಜನವರು ವಾಸವಾಗಿದ್ದರು. ಕಂಬಳಿ, ಜೋಳಿಗೆ, ಇಷ್ಟೇ ಅವರ ಸಂಸಾರ. ದಿನವೂ ಗುಡ್ಡ ಇಳಿದು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡುವರು. ಎಲ್ಲ ಕೇರಿಯ ಅನ್ನ, ಮುದ್ದೆ, ಸೊಪ್ಪು ಒಂದೇ ಜೋಳಿಗೆಗೆ ಬೀಳಬೇಕು. ಅದೇ ಅವರಿಗೆ ಪ್ರಸಾದ.

ಆ ಗವಿಗೆ ಒಂದು ಸಂಜೆ ತಿಪ್ಪೇಶನೆಂಬ ಹುಡುಗ ಉರಿಯುತ್ತಾ ಬಂದ. ಉರಿಯದೆ ಏನು ಮಾಡಿಯಾನು? ಅವನ ದೊಡ್ಡಪ್ಪನ ಮನೆ ಮದುವೆಗೆ ಸೌದೆ ಒಡೆದವನು ಅವನ ಜೀವದ ಗೆಳೆಯ ದುರುಗೇಶ. ಚಪ್ಪರದ ಗುಂಡಿ ತೋಡಿದವನೂ ಅವನೇ. ಊಟದ ಹೊತ್ತಿಗೆ ಮಾತ್ರ ಚಪ್ಪರದೊಳಗೆ ಅವನಿಗೆ ಜಾಗವಿಲ್ಲ, ಜಾತಿ ಅಡ್ಡ ಬಂತು. ಎಂಜಲೆಲೆ ಎಸೆಯುವ ತಿಪ್ಪೆಯ ಪಕ್ಕ ಕೂರಿಸಿದರು. ನೆಂಟರು ಹೋಳಿಗೆಗೆ ತುಪ್ಪ ಸಾಲದೆಂದು ಗಲಾಟೆ ಮಾಡಿದರೇ ಹೊರತು ಇದಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ. ತಿಪ್ಪೇಶ ತನ್ನ ಎಲೆ ಒದ್ದು ಎದ್ದ. ಇಂಥ ಜನರ ನಡುವೆ ಬಾಳುವುದಕ್ಕಿಂತ ಕಾಡಿನಲ್ಲಿ ತಪಸ್ಸು ಮಾಡಿ, ಹುಟ್ಟಿದ್ದಕ್ಕೊಂದು ಅರ್ಥ ಹುಡುಕುತ್ತೇನೆಂದು ನೇರ ಗುಡ್ಡ ಹತ್ತಿದ.

ಅಜ್ಜನವರು ಎಲ್ಲ ಕೇಳಿ, ಉಣ್ಣೆಂದು ಜೋಳಿಗೆ ಮುಂದಿಟ್ಟರು. ದೊಡ್ಡಪ್ಪನ ಮನೆ ಅನ್ನವೂ ಇದರಲ್ಲಿದೆಯೇ ಎಂದು ತಿಪ್ಪೇಶ ಕೇಳಿದ. ಹೌದೆಂದು ತಲೆಯಾಡಿಸಿದರು. ಸರಿ, ಸಿಟ್ಟು ಅವರ ಮೇಲೇ ತಿರುಗಿತು. ತಾನು ಉಗಿದು ಬಂದ ಬಾಗಿಲಿಗೆ ಇವರು ದಿನಾ ಕೈಯೊಡ್ಡುವುದೇ? ಇಂಥ ಸನ್ಯಾಸಕ್ಕೆ ಗುಡ್ಡವೇಕೆ, ದೊಡ್ಡಪ್ಪನ ಜಗಲಿಯೇ ಸಾಲದೇ ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟ. ಬೇರೆ ಸ್ವಾಮಿಗಳಾಗಿದ್ದರೆ ಶಾಪವೇ ಕೊಡುತ್ತಿದ್ದರೇನೋ. ಅಜ್ಜನವರು ಒಂದೇ ಮಾತು ಕೇಳಿದರು.

"ನೀನು ಎದ್ದು ಬಂದೆಯಪ್ಪಾ. ದುರುಗೇಶ ಎಲ್ಲಿದಾನೆ?"

ಬರುವ ರಭಸದಲ್ಲಿ ತಿಪ್ಪೇಶ ಗೆಳೆಯನ ಕಡೆ ತಿರುಗಿಯೂ ನೋಡಿರಲಿಲ್ಲ.

ಮರುದಿನ ಅಜ್ಜನವರು ಭಿಕ್ಷೆಗೆ ಹೊರಟಾಗ ಹಿಂದೆಯೇ ಇಳಿದ. ದುರುಗೇಶ ಮನೆ ಮುಂದೆ ಕೊಡಲಿ ಮಸೆಯುತ್ತಿದ್ದ.

"ಏನ್ ಸ್ವಾಮಿಗಳೇ, ಮೀಸೆಗಿಂತ ಮುಂಚೆ ಮೋಕ್ಷ ಬಂತಾ?" ಎಂದ. ನಗು ಅಲ್ಲಿಗೇ ನಿಂತಿತು. "ನೀನು ಎಲೆ ಒದ್ದು ಹೋದೆ. ಹುಡುಗನ ತಲೆ ಕೆಡಿಸಿದವನು ನೀನೇ ಅಂತ ನಿಮ್ ದೊಡ್ಡಪ್ಪ ಅರ್ಧ ಊಟದಲ್ಲಿ ನನ್ನ ಎಬ್ಬಿಸಿ ಬೈದ, ನಮ್ಮವ್ವನ ಎದುರಿಗೇ. ಗುಡ್ಡ ಹತ್ತೋಕೆ ನನಗೂ ಬರುತ್ತೆ ಕಣೋ. ಅವ್ವನ್ನ ಯಾರ ಹತ್ರ ಬಿಟ್ಟು ಹತ್ತಲಿ?"

ತಿಪ್ಪೇಶ ಸೀದಾ ದೊಡ್ಡಪ್ಪನ ಮನೆಗೆ ನಡೆದು ಬಾಗಿಲಿಗೆ ಅಡ್ಡ ಕೂತ. ದೊಡ್ಡಪ್ಪ ದುರುಗೇಶನ ಅವ್ವನ ಮುಂದೆ ಹೋಗಿ ತಪ್ಪಾಯಿತು ಅನ್ನುವ ತನಕ ತಾನು ಏಳುವುದಿಲ್ಲವೆಂದ. ದೊಡ್ಡಪ್ಪ ಕೆಂಡವಾದ. ಮದುಮಗಳೇ ಇನ್ನೂ ಮನೆ ಬಿಟ್ಟಿಲ್ಲ, ಶುಭಕಾಲದಲ್ಲಿ ಇದೇನು ಅಪಶಕುನವೆಂದು ಕೂಗಾಡಿದ. ಅಷ್ಟರಲ್ಲಿ ಅಜ್ಜನವರು ಭಿಕ್ಷೆಗೆ ಬಂದರು. ಇವನಿಗೆ ಬುದ್ಧಿ ಹೇಳಿರೆಂದು ದೊಡ್ಡಪ್ಪ ಹೋಳಿಗೆಯ ತಟ್ಟೆ ಹಿಡಿದೇ ಅಂಗಲಾಚಿದ.

ಅಜ್ಜನವರು ಜೋಳಿಗೆಯ ಬಾಯಿ ಮಡಿಸಿ ಹಿಡಿದರು. "ಹೋಗಿ ಬಾ. ಆಮೇಲೆ ನೀಡುವೆಯಂತೆ" ಎಂದು ತಿಪ್ಪೇಶನ ಪಕ್ಕದಲ್ಲೇ ಕೂತರು.

ಮದುವೆಯ ಮನೆ ಬಾಗಿಲಲ್ಲಿ ಜಂಗಮರು ಹಸಿದು ಕೂತಿದ್ದಾರೆಂಬ ಸುದ್ದಿಗೆ ಬೀದಿಯೇ ಕೂಡಿತು. ನೆರಳು ವಾಲುವ ಹೊತ್ತಿಗೆ ದೊಡ್ಡಪ್ಪ ತಟ್ಟೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, ದುರುಗೇಶನ ಕೇರಿಯ ಕಡೆ ಹೆಜ್ಜೆ ಹಾಕಿದ.

ಸಂಜೆ ಅಜ್ಜನವರು ಗುಡ್ಡ ಹತ್ತುವಾಗ ತಿಪ್ಪೇಶ ಕಾಲಿಗೆ ಬಿದ್ದು, ತಾನು ಬರುವುದಿಲ್ಲವೆಂದ. ಅವರು ನಕ್ಕು, ಒಬ್ಬರೇ ಹತ್ತಿದರು.