ಹಾಲಪ್ಪ ನಾಯಕರ ಮಿಸ್ಟೇಕು

"ನಮ್ಮ ವಂಶದಲ್ಲಿ ಏಳು ತಲೆಮಾರಿನಿಂದ ಯಾರೂ ತಪ್ಪು ಮಾಡಿಲ್ಲ" ಎಂದು ಕಂಚಿಗುಡ್ಡದ ದೊರೆ ಹಾಲಪ್ಪ ನಾಯಕರು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದರು. ಹೌದು ಹೌದೆಂದು ತಲೆಯಾಡಿಸುವುದಕ್ಕೇ ಆಸ್ಥಾನದಲ್ಲಿ ಹತ್ತು ಜನರಿದ್ದರು. ಪಾಪ, ಅವರಿಗೂ ಹೊಟ್ಟೆಪಾಡು.

ಒಂದು ದಿನ ಇಂಗ್ಲಿಷ್ ಸಾಹೇಬನೊಬ್ಬ ಅರಮನೆ ನೋಡಲು ಬಂದ. ಬಂದವನೇ, ಅತಿಥಿಗೆಂದು ಇಟ್ಟ ಕುರ್ಚಿ ಬಿಟ್ಟು ನೇರವಾಗಿ ದೊರೆಯ ಗದ್ದುಗೆಯ ಮೇಲೆ ಕೂತುಬಿಟ್ಟ. ಸಭೆಗೆ ಸಭೆಯೇ ಎದ್ದು ನಿಂತಿತು. ಸಾಹೇಬ ಸುತ್ತ ನೋಡಿದ, ಎದ್ದ, ನಕ್ಕ, "ಮಿಸ್ಟೇಕ್!" ಎಂದ. ಅಷ್ಟೇ. ಕುರ್ಚಿಗೆ ಹೋಗಿ ಕೂತು ಆರಾಮಾಗಿ ಎಳನೀರು ಕುಡಿದ.

ಅವನು ಹೋದ ಮೇಲೆ ದೊರೆ ದುಭಾಷಿ ತಮ್ಮಣ್ಣಯ್ಯನನ್ನು ಕರೆದರು. ಅರಮನೆಯಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ.

"ಏನಯ್ಯಾ ಅದು, ಮಿಸ್ಟೇಕು?"

"ತಪ್ಪು ಅಂತ, ಮಹಾಪ್ರಭು."

"ತಪ್ಪು ಮಾಡಿದವನು ಹಲ್ಲು ಬಿಡುತ್ತಾನೇನಯ್ಯಾ?"

"ಆ ಮಾತು ಹುಟ್ಟಿದ್ದೇ ಹಾಗೆ, ಪ್ರಭು. ಬಲು ಹಿಂದೆ, ಒಂದರ ಬದಲು ಇನ್ನೊಂದನ್ನು ಎತ್ತಿಕೊಳ್ಳುವುದಕ್ಕೆ ಹಾಗೆನ್ನುತ್ತಿದ್ದರಂತೆ. ನಮ್ಮ ಚಪ್ಪಲಿ ಬಿಟ್ಟು ಪಕ್ಕದವರದ್ದನ್ನು ಮೆಟ್ಟಿಕೊಂಡು ಹೋದ ಹಾಗೆ. ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ತಿಳಿದ ತಕ್ಷಣ ವಾಪಸು ತಂದು ಬಿಟ್ಟರೆ ಮುಗಿಯಿತು."

ದೊರೆಗೆ ಆ ಮಾತು ಕಲ್ಲುಸಕ್ಕರೆಯಂತೆ ರುಚಿಸಿತು. ಮಾರನೆಯ ದಿನವೇ ಶುರು. ದಿವಾನರ ಜರಿ ಶಾಲು ಎತ್ತಿ ಹೊದ್ದುಕೊಂಡರು, "ಮಿಸ್ಟೇಕು" ಎಂದರು. ಪಂಡಿತರು ಪದ್ಯ ಓದುತ್ತಿರುವಾಗಲೇ ಗೊರಕೆ ಹೊಡೆದರು, ಎಚ್ಚರವಾದಾಗ "ಮಿಸ್ಟೇಕು" ಎಂದರು. ವಾಪಸು ಬಿಡುವ ಭಾಗವನ್ನು ಮಾತ್ರ ಮರೆತೇಬಿಟ್ಟಿದ್ದರು. ಶಾಲನ್ನು ಕೇಳುವ ಧೈರ್ಯ ದಿವಾನರಿಗಿರಲಿಲ್ಲ.

ಆ ಅರಮನೆಯಲ್ಲಿ ಒಂದು ಕಟ್ಟಳೆಯಿತ್ತು. ದೊರೆಯ ಮಧ್ಯಾಹ್ನದ ಊಟ ಮುಗಿದಾಗ ಅಟ್ಟದ ಮೇಲೆ ನಗಾರಿ ಹೊಡೆಯಬೇಕು. ನಗಾರಿ ಕೇಳಿದ ಮೇಲೆ ದೊರೆ ಒಂದು ಅಗುಳೂ ಮುಟ್ಟುವಂತಿಲ್ಲ. ಕೇಳುವವರೆಗೆ ಎಲೆ ಬಿಟ್ಟು ಏಳುವಂತೆಯೂ ಇಲ್ಲ. ಆಳುಕಾಳುಗಳಿಗೆ ಊಟ ಅದಾದ ಮೇಲೆಯೇ. ಬಡಿಸುವವನು ಕಿಟಕಿಯಲ್ಲಿ ಬಿಳಿ ಬಟ್ಟೆ ಬೀಸಿದರೆ, ಮೇಲೆ ನಗಾರಿಯ ಕೆಂಚ ಕೋಲೆತ್ತುತ್ತಿದ್ದ.

ಒಂದು ಮಧ್ಯಾಹ್ನ ಬಡಿಸುವವನು ನೊಣ ಓಡಿಸಲು ಬಟ್ಟೆ ಝಾಡಿಸಿದ. ಕೆಂಚ ಢಂ ಎನಿಸಿದ. ದೊರೆಯ ಕೈ ಆಗಷ್ಟೇ ಹೋಳಿಗೆಯತ್ತ ಹೊರಟಿತ್ತು. ತುಪ್ಪ ಸುರಿದ ಹೋಳಿಗೆ ಎಲೆಯಲ್ಲೇ ಉಳಿಯಿತು.

"ಎಳೆದು ತನ್ನಿ ಅವನನ್ನು!"

ಕೆಂಚ ಬಂದವನೇ ಅಡ್ಡಬಿದ್ದ. "ಬುದ್ಧೀ, ಬಟ್ಟೆ ಆಡಿದ್ದು ಕಂಡೆ, ಹೊಡ್ದುಬಿಟ್ಟೆ. ಮೂರು ಮಕ್ಕಳವ್ರೆ ಬುದ್ಧೀ, ಹೊಟ್ಟೆ ಮೇಲೆ ಹೊಡೀಬ್ಯಾಡಿ."

"ತಪ್ಪು! ಘೋರ ತಪ್ಪು! ಗಡಿಪಾರು!"

ತಮ್ಮಣ್ಣಯ್ಯ ಮುಂದೆ ಬಂದ. "ಪ್ರಭು, ನೊಣ ಓಡಿಸಿದ್ದನ್ನು ಸನ್ನೆ ಅಂದುಕೊಂಡ. ಇದು ಅಪ್ಪಟ ಮಿಸ್ಟೇಕಲ್ಲವೇ?"

"ಇವನಿಗೆ ಇಂಗ್ಲಿಷ್ ಬರುತ್ತದೇನಯ್ಯಾ? ಇಂಗ್ಲಿಷ್ ಬಂದವರು ಮಾಡಿದರೆ ಮಿಸ್ಟೇಕು. ಬಾರದವರು ಮಾಡಿದರೆ ತಪ್ಪು. ನಡಿ, ನೀನೇ ಇವನನ್ನು ಗಡಿ ದಾಟಿಸಿ ಬಾ."

ದೊರೆಗೆ ಬರುತ್ತಿದ್ದ ಇಂಗ್ಲಿಷ್ ಅದೊಂದೇ ಮಾತು ಎಂದು ಯಾರೂ ಬಾಯಿಬಿಡಲಿಲ್ಲ. ತಮ್ಮಣ್ಣಯ್ಯ "ಅಪ್ಪಣೆ" ಎಂದು ಕೆಂಚನನ್ನು ಕರೆದುಕೊಂಡು ಹೋದ. ರಾತ್ರಿ ಬಲು ಹೊತ್ತಾದ ಮೇಲೆ ಒಬ್ಬನೇ ಬಂದ.

ಮಾರನೆಯ ಮಧ್ಯಾಹ್ನ ದೊರೆ ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ನಾಲ್ಕು ಹೋಳಿಗೆ ಹೊಡೆದರು, ಪಾಯಸ ಸುರಿದರು, ತೇಗಿದರು. ಬಡಿಸುವವನು ಬಟ್ಟೆ ಬೀಸಿದ. ನಗಾರಿಯ ಸದ್ದಿಲ್ಲ. ಹೇಗಿದ್ದೀತು?

"ಯಾರಾದರೂ ಹೋಗಿ ಹೊಡೆಯಿರೋ!"

ಬಾಗಿಲ ಕಾವಲಿನವನು ಹಿಂದೆ ಸರಿದ. "ಒಂದು ಚಣ ಮುಂದಾದ್ರೂ ತಪ್ಪು, ಹಿಂದಾದ್ರೂ ತಪ್ಪು. ನಂಗೆ ಇಂಗ್ಲಿಷ್ ಬರಾಕಿಲ್ಲ ಬುದ್ಧೀ."

ಬಡಿಸುವವನೂ ಅದನ್ನೇ ಹೇಳಿದ. ದಿವಾನರೂ ಬರಿ ಹೆಗಲು ಸವರಿಕೊಳ್ಳುತ್ತಾ ಅದನ್ನೇ ಹೇಳಿದರು.

"ತಮ್ಮಣ್ಣಯ್ಯಾ, ನಿನಗೆ ಬರುತ್ತದಲ್ಲ!"

"ಇಂಗ್ಲಿಷ್ ಬರುತ್ತದೆ, ಪ್ರಭು. ನಗಾರಿ ಬರುವುದಿಲ್ಲ."

ದೊರೆಯ ಬೆರಳುಗಳ ಮೇಲೆ ಪಾಯಸ ಒಣಗಿ ಅಂಟಾಯಿತು. ನೊಣಗಳು ಬಂದು ಕೂತವು. ಕಾಲು ಜೋಮು ಹಿಡಿಯಿತು. ಹಾಗೇ ಎದ್ದುಬಿಡೋಣವೆಂದರೆ ಏಳು ತಲೆಮಾರಿನಲ್ಲಿ ಕಟ್ಟಳೆ ಮುರಿದ ಮೊದಲಿಗ ಎನಿಸಿಕೊಳ್ಳಬೇಕು. ಅತ್ತ ಹಸಿದ ಆಳುಗಳು ಬಾಗಿಲಲ್ಲಿ ಇಣುಕಿ ಇಣುಕಿ ನೋಡುತ್ತಿದ್ದರು.

"ಆ ಕೆಂಚನನ್ನು ಕರೆಸಯ್ಯಾ!"

ತಮ್ಮಣ್ಣಯ್ಯ ಕಾಗದ ಹಿಡಿದು ಕೂತ. "ಗಡಿ ಕಾವಲಿನವರಿಗೆ ಕಾರಣ ತಿಳಿಸಬೇಕು, ಪ್ರಭು. ಗಡಿಪಾರಾದವನನ್ನು ಯಾಕೆ ಒಳಗೆ ಬಿಡಬೇಕೆಂದು ಬರೆಯಲಿ?"

"ಮಿಸ್ಟೇಕು ಅಂತ ಬರೆ."

"ಬರೆಯಬಹುದು. ಆದರೆ ಕಾವಲಿನವರಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗೆಂದರೇನೆಂದು ಸಾಹೇಬರನ್ನು ಕೇಳಿಕೊಂಡು ಬರುವುದಕ್ಕೆ ಎಂಟು ದಿನ ಬೇಕು."

ದೊರೆ ತಮ್ಮ ಅಂಟುಗೈ ನೋಡಿಕೊಂಡರು. "ಕನ್ನಡದಲ್ಲೇ ಬರೆದು ಸಾಯಯ್ಯಾ!"

"ಏನೆಂದು, ಪ್ರಭು? ತಾವು ಹೇಳಿದ ಹಾಗೇ ಬರೆಯುತ್ತೇನೆ."

ದೊರೆ ಸೂರು ನೋಡಿದರು, ಎಲೆ ನೋಡಿದರು, ಗಂಟಲಲ್ಲೇ ಏನೋ ಗೊಣಗಿದರು.

"ಕೇಳಿಸಲಿಲ್ಲ, ಪ್ರಭು."

"ತಪ್ಪಾಯ್ತು! ನಮ್ಮಿಂದ ತಪ್ಪಾಯ್ತು! ಸಾಕೇನಯ್ಯಾ?"

ತಮ್ಮಣ್ಣಯ್ಯ ಬರೆದು ಮುಗಿಸಿ, ಶಾಯಿ ಆರಿಸುವವನಂತೆ ಕಾಗದವನ್ನು ಕಿಟಕಿಯಲ್ಲಿ ಬೀಸಿದ.

ಢಂ! ಢಂ! ಢಂ! ಅಟ್ಟದ ಮೇಲೆ ನಗಾರಿ ಮೊಳಗಿತು.

ಆಳುಗಳೆಲ್ಲ ಎದ್ದೆವೋ ಬಿದ್ದೆವೋ ಎಂದು ಊಟಕ್ಕೆ ಓಡಿದರು. ದೊರೆ ಮಾತ್ರ ಎದ್ದವರು ನಿಂತಲ್ಲೇ ನಿಂತರು.

"ಕಾಗದದ ಶಾಯಿ ಇನ್ನೂ ಆರಿಲ್ಲ. ಗಡಿ ಮೂರು ಹರದಾರಿ ದೂರ. ಅವನು ಹೇಗಯ್ಯಾ ಬಂದ?"

ತಮ್ಮಣ್ಣಯ್ಯ ಕೈಮುಗಿದ. "ಗಡಿ ದಾಟಿಸುವ ಬದಲು ಅಟ್ಟ ಹತ್ತಿಸಿಬಿಟ್ಟೆ, ಪ್ರಭು. ಮಿಸ್ಟೇಕು!"

ದೊರೆ ಮೊದಲು ಕಣ್ಣು ಕೆಂಪಗೆ ಮಾಡಿದರು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನ ಆಳುಗಳ ಪಂಕ್ತಿಯಲ್ಲಿ ಮೊದಲ ಹೋಳಿಗೆ ಕೆಂಚನ ಎಲೆಗೆ ಬಿತ್ತು.