ಕರಡಿಯ ಹೊಡೆತ, ಗೀಜಗನ ಗೆರೆ

ಗಾಲ್ಫ್ ಮೈದಾನದಲ್ಲಿ ಯಾರೋ ಮರೆತುಹೋದ ಕೋಲು, ಮೂರು ಚೆಂಡು ಕರಡಿಗೆ ಸಿಕ್ಕವು. ಮೂರು ಹೊಡೆತದೊಳಗೆ ಚೆಂಡು ಕೆರೆ ದಾಟದಿದ್ದರೆ ಕರಡಿಯ ಹೆಜ್ಜೇನಿನ ಮರ ಮುಸುವನಿಗೆ ಎಂದು ಆ ಕಪ್ಪುಮೋರೆಯ ಕೋತಿಯೊಡನೆ ಪಂಥವಾಯಿತು.

ಎರಡು ಚೆಂಡು ನೀರಿಗೆ ಬಿದ್ದವು.

"ಮೂರನೆಯದಕ್ಕೆ ಮೊದಲು ಈಜು ಕಲಿಸು, ಮಾರಾಯ," ಎಂದಿತು ಮುಸುವ.

ದಡದ ಜಾಲಿಮರದಲ್ಲಿ ಗೂಡು ನೇಯುತ್ತಿದ್ದ ಗೀಜಗ ಹೇಳಿತು: "ಕರಡಿಯಣ್ಣ, ಬಲ ಬೇಕಾದಷ್ಟಿದೆ. ಹೊಡೆಯುವಾಗ ಹೆಗಲು ತೂಗಾಡುತ್ತದೆ."

"ಕರಡಿ ಎಂದಮೇಲೆ ತೂಗಾಡಲೇಬೇಕು. ಹಿಡಿಯಷ್ಟಿಲ್ಲ, ನೀನೇನು ಕಲಿಸುತ್ತೀಯ?"

"ನನ್ನ ಗೂಡು ನೋಡು. ಗಾಳಿಗೆ ಎಷ್ಟೇ ತೂಗಲಿ, ಕೊಂಬೆ ಅಲುಗದಿದ್ದರೆ ಪ್ರತಿ ಸಲವೂ ಒಂದೇ ಜಾಗದ ಮೇಲೆ ಹಾದುಹೋಗುತ್ತದೆ. ನಿನ್ನ ಹೆಗಲೇ ಕೊಂಬೆ, ಕೋಲೇ ಗೂಡು."

ಮರ ಕೈತಪ್ಪುವ ಭಯಕ್ಕೆ ಕರಡಿ ಒಪ್ಪಿತು. ಗೀಜಗ ಉದ್ದದ ಹುಲ್ಲಿನ ಎಳೆಯೊಂದನ್ನು ಕರಡಿಯ ಹೆಗಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೊಕ್ಕಿನಲ್ಲಿ ಬಿಗಿಹಿಡಿದು ಕಮಾನಿನಂತೆ ಹಾರಿತು. ಎಳೆ ನೆಲ ಸವರಿದ ಕಡೆ ಗೆರೆ ಮೂಡಿತು. ಚೆಂಡು ಆ ಗೆರೆಯಿಂದ ಒಂದು ಗೇಣು ಆಚೆಗಿತ್ತು.

"ಚೆಂಡನ್ನು ಗೆರೆಯ ಮೇಲಿಡು. ಹೆಗಲು ಇದ್ದಲ್ಲೇ ಇರಲಿ. ಕೋಲು ಉದ್ದವಿದೆ, ವೇಗ ತುದಿಗೆ ತಾನೇ ಬರುತ್ತದೆ."

ಹುಟ್ಟಿದಂದಿನಿಂದ ಮೊದಲ ಸಲ ಕರಡಿ ತೂಗಾಡದೆ ನಿಂತು ಹೊಡೆಯಿತು. ಚೆಂಡು ಕೆರೆ ದಾಟಿ ಆಚೆ ದಡದ ಹುಲ್ಲಿನಲ್ಲಿ ಬಿತ್ತು. ಮುಸುವ ಮರದಿಂದ ಮರಕ್ಕೆ ಹಾರಿ ಹೊರಟುಹೋಯಿತು.

"ಏನು ಕೊಡಲಿ, ಗುರುವೇ? ಒಂದು ಹುಟ್ಟು ಜೇನು?" ಕರಡಿ ಕೇಳಿತು.

"ಜೇನು ಬೇಡ. ನನ್ನ ಮರಕ್ಕೆ ಬೆನ್ನು ತಿಕ್ಕುವುದನ್ನು ಬಿಡು. ಕೊಂಬೆ ಅಲುಗುತ್ತದೆ."

ಅಂದಿನಿಂದ ಕರಡಿ ಬೆನ್ನು ಕೆರೆದುಕೊಳ್ಳಲು ಅರ್ಧ ಮೈಲಿ ನಡೆಯುತ್ತದೆ.